ಹಂದಿ ಮಲದಲ್ಲಿ ಮೈಕೋಬ್ಯಾಕ್ಟೀರಿಯಾ: ಓದುಗರ ಪ್ರಶ್ನೆ, ಲ್ಯಾಬಿನ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಂದಿಗಳ ಕ್ಷಯದಂಥ ಗಂಟುಗಳ ಬಗ್ಗೆ, ಅದಕ್ಕೆ ಕಾರಣವಾಗುವ ಮೈಕೋಬ್ಯಾಕ್ಟೀರಿಯಾವನ್ನು (ಕ್ಷಯದ ಬ್ಯಾಕ್ಟೀರಿಯಾ ಸೇರಿದ ಕುಟುಂಬ) ಮಲದ ಪರೀಕ್ಷೆಯಲ್ಲಿ ಹಿಡಿಯುವ ಬಗ್ಗೆ ಇದ್ದವು. ಸಾಕಣೆದಾರರೂ ಬರೆದಿದ್ದಾರೆ, ಲ್ಯಾಬಿನವರೂ ಬರೆದಿದ್ದಾರೆ. ಹಾಗಾಗಿ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರ: ನಮ್ಮಲ್ಲಿ 60 ಯಾರ್ಕ್‌ಶೈರ್ ಹಂದಿಗಳಿವೆ. ಕೊಯ್ದಾಗ ಕೆಲವು ಹಂದಿಗಳ ಗಂಟಲ ಕೆಳಗಿನ ಗಂಟುಗಳಲ್ಲಿ, ಕರುಳಿನ ಪಕ್ಕದ ಗಂಟುಗಳಲ್ಲಿ (ದುಗ್ಧಗ್ರಂಥಿಗಳಲ್ಲಿ) ಅಕ್ಕಿಕಾಳಿನಷ್ಟು ಹಳದಿ ಚುಕ್ಕೆಗಳು ಕಂಡವು. ಕತ್ತರಿಸಿದರೆ ಒಳಗೆ ಮೊಸರು ಗಟ್ಟಿಯಾದ ಹಾಗಿತ್ತು. ಡಾಕ್ಟರು ಮಲದ ಸ್ಯಾಂಪಲ್ ಕಳಿಸಿ ಅಂದರು. ಎಷ್ಟು ತೆಗೆಯಬೇಕು, ಹೇಗೆ ಕಳಿಸಬೇಕು?
ಸಾಕಣೆದಾರರು, ಸಕಲೇಶಪುರ

ಉ: ನೀವು ಬರೆದ ಲಕ್ಷಣ ಹಂದಿಗಳಲ್ಲಿ ಮೈಕೋಬ್ಯಾಕ್ಟೀರಿಯಂ ಏವಿಯಂ ಗುಂಪಿನ ಸೋಂಕಿಗೆ ಹೊಂದುತ್ತದೆ. ಅದರಲ್ಲೂ ‘ಹೊಮಿನಿಸ್ಯೂಯಿಸ್’ ಎಂಬ ಉಪಜಾತಿ ಹಂದಿಗಳಲ್ಲಿ ಹೆಚ್ಚು. ಆದರೆ ರೋಡೋಕಾಕಸ್ ಈಕ್ವೈ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಗಂಟಲ ಗಂಟುಗಳಲ್ಲಿ ಇಂಥದೇ ಚುಕ್ಕೆ ಮಾಡುತ್ತದೆ. ಬರಿಗಣ್ಣಿಗೆ ಎರಡನ್ನೂ ಬೇರೆ ಮಾಡಲಾಗದು.

ಮಲವನ್ನು ನೆಲದಿಂದ ಎತ್ತಬೇಡಿ. ಇದು ಮೊದಲನೆಯ ಮಾತು. ಹಾಸಿಗೆಯ ಮರದ ಪುಡಿ, ಮಣ್ಣು, ತೊಟ್ಟಿಯ ನೀರು ಎಲ್ಲದರಲ್ಲೂ ಪರಿಸರದ ಮೈಕೋಬ್ಯಾಕ್ಟೀರಿಯಾ ಇರುತ್ತವೆ. ನೆಲದ ಸ್ಯಾಂಪಲ್‌ನಲ್ಲಿ ಬೆಳೆದದ್ದು ಹಂದಿಯದೋ ಶೆಡ್ಡಿನದೋ ಎಂದು ಆಮೇಲೆ ಯಾರೂ ಹೇಳಲಾರರು. ಒಂದೊಂದು ಹಂದಿಗೂ ಹೊಸ ಗ್ಲೌಸ್ ಹಾಕಿ, ಗುದದಿಂದ ನೇರವಾಗಿ 5ರಿಂದ 10 ಗ್ರಾಂ ತೆಗೆಯಿರಿ. ದೊಡ್ಡ ಹಂದಿಯಲ್ಲಿ ಅದು ಆಗದಿದ್ದರೆ ಸ್ವಚ್ಛ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ತಕ್ಷಣ ಮೇಲಿನ ಭಾಗವನ್ನಷ್ಟೇ ಸ್ಪೂನಿನಿಂದ ಎತ್ತಿ. ತಿರುಪಿನ ಮುಚ್ಚಳದ 50 ಮಿ.ಲೀ. ಡಬ್ಬಿ ಸಾಕು, ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ಕಿವಿಯ ಟ್ಯಾಗ್ ಸಂಖ್ಯೆ, ವಯಸ್ಸು, ತಾರೀಕು, ಕೊಟ್ಟ ಆಂಟಿಬಯೋಟಿಕ್‌ನ ಹೆಸರು ಬರೆಯಿರಿ. ಮುಚ್ಚಳದ ಮೇಲಲ್ಲ, ಡಬ್ಬಿಯ ಮೇಲೆ. ಮುಚ್ಚಳ ಅದಲುಬದಲಾದರೆ ಹೆಸರೂ ಅದಲುಬದಲು.

ಎಷ್ಟು ಹಂದಿ ಎಂಬುದರಲ್ಲೇ ಬಹಳ ಜನ ಎಡವುತ್ತಾರೆ. ಐದಾರು ಡಬ್ಬಿ ಕಳಿಸಿ, ‘ನೆಗೆಟಿವ್’ ಬಂದರೆ ಸಮಾಧಾನಪಡುತ್ತಾರೆ. ನಿಮ್ಮ 60ರಲ್ಲಿ 6 ಹಂದಿ ಸೋಂಕಿತ ಎಂದುಕೊಳ್ಳಿ. ಆ ಆರರಲ್ಲಿ ಒಂದಾದರೂ ನಿಮ್ಮ ಸ್ಯಾಂಪಲ್‌ಗೆ ಬರಲು ಶೇ 95 ಖಾತ್ರಿ ಬೇಕೆಂದರೆ 23 ಹಂದಿಗಳಿಂದ ತೆಗೆಯಬೇಕು. ಅದೂ ಪರೀಕ್ಷೆ ಒಂದನ್ನೂ ತಪ್ಪಿಸುವುದಿಲ್ಲ ಎಂಬ ಲೆಕ್ಕದಲ್ಲಿ. ಮಲದ ಪರೀಕ್ಷೆ ಅಷ್ಟು ನಿಖರ ಅಲ್ಲ. ಸೋಂಕಿತ ಹಂದಿಯೂ ದಿನಾ ಬ್ಯಾಕ್ಟೀರಿಯಾ ಹೊರಹಾಕುವುದಿಲ್ಲ, ಬಿಟ್ಟು ಬಿಟ್ಟು ಹಾಕುತ್ತದೆ. ಹಾಗಾಗಿ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆಯುವುದು ಒಳ್ಳೆಯದು.

ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆಯಲ್ಲಿ 48 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಿ. ಮನೆಯ ಫ್ರಿಜ್ಜಿನ ಫ್ರೀಜರಿಗೆ ಹಾಕಬೇಡಿ, ಹೆಪ್ಪುಗಟ್ಟಿ ಕರಗಿದಾಗ ಒಂದಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ. ಕಳಿಸುವ ಮೊದಲು ಹಾಸನದ ಪಶುವೈದ್ಯಕೀಯ ಕಾಲೇಜನ್ನೋ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಸಂಸ್ಥೆಯನ್ನೋ ನಿಮ್ಮ ಡಾಕ್ಟರ ಮೂಲಕ ಕೇಳಿ: ಮೈಕೋಬ್ಯಾಕ್ಟೀರಿಯಾ ಕಲ್ಚರ್‌ಗೆ (ಬೆಳೆಸಿ ನೋಡುವ ಪರೀಕ್ಷೆಗೆ) ಈಗ ಸ್ಯಾಂಪಲ್ ತೆಗೆದುಕೊಳ್ಳುತ್ತೀರಾ, ಯಾವ ವಾರ ಕಳಿಸಬೇಕು ಎಂದು. ಶುಕ್ರವಾರ ಸಂಜೆ ಬಸ್ಸಿಗೆ ಹಾಕಿದ ಪೆಟ್ಟಿಗೆ ಸೋಮವಾರದವರೆಗೆ ಎಲ್ಲೋ ಮೂಲೆಯಲ್ಲಿ ಕೂತಿರುತ್ತದೆ.

ಇನ್ನೊಂದು ಮಾತು. ಮುಂದಿನ ಸಲ ಕೊಯ್ದಾಗ ಆ ಗಂಟುಗಳನ್ನೇ ಕಳಿಸಿ. ಅರ್ಧ ಐಸಿನಲ್ಲಿ, ಕಲ್ಚರ್‌ಗೆ. ಇನ್ನರ್ಧ ಶೇ 10ರ ಫಾರ್ಮಲಿನ್‌ನಲ್ಲಿ, ಅಂಗಾಂಶ ಪರೀಕ್ಷೆಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಏನೂ ಬೆಳೆಯುವುದಿಲ್ಲ. ಹತ್ತು ಡಬ್ಬಿ ಮಲಕ್ಕಿಂತ ಒಂದು ಗಂಟು ಹೆಚ್ಚು ಹೇಳುತ್ತದೆ.

ಪ್ರ: ಕಫದ ಸ್ಯಾಂಪಲ್‌ಗೆ ಮಾಡುವ ಹಾಗೆಯೇ ಶೇ 4ರ ಸೋಡಿಯಂ ಹೈಡ್ರಾಕ್ಸೈಡ್ ಸಮಪ್ರಮಾಣ ಹಾಕಿ 20 ನಿಮಿಷ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ಎಲ್‌ಜೆ ಸ್ಲಾಂಟ್‌ಗೆ (ಟ್ಯೂಬಿನಲ್ಲಿ ಓರೆಯಾಗಿ ಗಟ್ಟಿಯಾಗಿಸಿದ ಮೊಟ್ಟೆ ಮಾಧ್ಯಮಕ್ಕೆ) ಹಾಕುತ್ತಿದ್ದೇವೆ. ಹಂದಿ ಮಲದ ಸ್ಲಾಂಟ್‌ಗಳೆಲ್ಲ ಮೂರೇ ದಿನಕ್ಕೆ ಕರಗಿ ನೀರಾಗುತ್ತಿವೆ. ಸಮಯವನ್ನು 40 ನಿಮಿಷಕ್ಕೆ ಏರಿಸಿದರೆ ಕರಗುವುದು ಕಡಿಮೆಯಾಯಿತು, ಆದರೆ ಏನೂ ಬೆಳೆಯಲಿಲ್ಲ. ತಪ್ಪು ಎಲ್ಲಿದೆ?
ಸ್ನಾತಕೋತ್ತರ ವಿದ್ಯಾರ್ಥಿನಿ, ಹಾಸನ

ಉ: ವಿಧಾನ ತಪ್ಪಲ್ಲ, ಸ್ಯಾಂಪಲ್ ಬೇರೆ. ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ಇತರ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಬ್ಯಾಸಿಲಸ್ ಜಾತಿಯವು ಬೀಜಾಣು ರೂಪದಲ್ಲಿ ಕೂತಿರುತ್ತವೆ. 20 ನಿಮಿಷದ ಕ್ಷಾರ ಬೀಜಾಣುವಿಗೆ ಅಷ್ಟಾಗಿ ತಾಗುವುದಿಲ್ಲ. 37 ಡಿಗ್ರಿಯ ಮೊಟ್ಟೆ ಮಾಧ್ಯಮ ಸಿಕ್ಕ ಕೂಡಲೇ ಮೊಳೆತು, ಮೊಟ್ಟೆಯ ಪ್ರೋಟೀನನ್ನು ಜೀರ್ಣಿಸಿ ಸ್ಲಾಂಟನ್ನು ನೀರು ಮಾಡುತ್ತವೆ. ನೀವು ಸಮಯ ಏರಿಸಿದಾಗ ಬೀಜಾಣುಗಳ ಜೊತೆ ಮೈಕೋಬ್ಯಾಕ್ಟೀರಿಯಾವೂ ಸೋತವು. ಅವು ಕ್ಷಾರವನ್ನು ತಡೆಯುತ್ತವೆ ಎಂದರೆ ಉಳಿದವುಗಳಿಗಿಂತ ನಿಧಾನವಾಗಿ ಸಾಯುತ್ತವೆ ಎಂದಷ್ಟೇ ಅರ್ಥ.

ಮಲಕ್ಕೆ ಹೊಂದುವುದು ಹೆಕ್ಸಾಡೆಸಿಲ್ ಪಿರಿಡಿನಿಯಂ ಕ್ಲೋರೈಡ್, ಲ್ಯಾಬಿನ ಮಾತಿನಲ್ಲಿ ಎಚ್‌ಪಿಸಿ. ದನಗಳ ಜೋನ್ಸ್ ರೋಗಕ್ಕೆಂದು (ಕರುಳಿನ ದೀರ್ಘಕಾಲದ ಮೈಕೋಬ್ಯಾಕ್ಟೀರಿಯಾ ಸೋಂಕು) ಬಳಕೆಗೆ ಬಂದ ಎರಡು ಹಂತದ ವಿಧಾನವನ್ನೇ ಹಂದಿ ಮಲಕ್ಕೂ ಬಳಸಬಹುದು. ಇದರ ಯುಕ್ತಿ ಇಷ್ಟೇ: ಬೀಜಾಣುಗಳನ್ನು ಕೊಲ್ಲಲು ಹೋಗದೆ, ಅವಕ್ಕೆ ಬೆಚ್ಚಗಿನ ಬ್ರಾತ್ (ಪೋಷಕ ದ್ರವ) ಕೊಟ್ಟು ಮೊಳೆಯಿಸುವುದು. ಮೊಳೆತ ಮೇಲೆ ಎಚ್‌ಪಿಸಿ ಅವನ್ನು ಮುಗಿಸುತ್ತದೆ.

2 ಗ್ರಾಂ ಮಲವನ್ನು 50 ಮಿ.ಲೀ. ಟ್ಯೂಬಿನಲ್ಲಿ 35 ಮಿ.ಲೀ. ಸ್ಟೆರೈಲ್ ಡಿಸ್ಟಿಲ್ಡ್ ನೀರಿಗೆ ಹಾಕಿ. ಶೇಕರಿನಲ್ಲಿ 30 ನಿಮಿಷ ಅಲುಗಾಡಿಸಿ, ಇನ್ನು 30 ನಿಮಿಷ ನೆಟ್ಟಗೆ ಮುಟ್ಟದೆ ಇಡಿ. ತವುಡು, ಜೋಳದ ಸಿಪ್ಪೆ, ನಾರು ಕೆಳಗೆ ಕೂರುತ್ತವೆ. ಮೇಲಿನ ದ್ರವದಿಂದ 5 ಮಿ.ಲೀ. ಪಿಪೆಟ್‌ನಲ್ಲಿ ತೆಗೆಯಿರಿ. ಪಿಪೆಟ್ ತುದಿ ತಳಕ್ಕೆ ಹೋಗಬಾರದು. ಅದನ್ನು 25 ಮಿ.ಲೀ. ಎಚ್‌ಪಿಸಿ ದ್ರಾವಣಕ್ಕೆ ಸೇರಿಸಿ. ದ್ರಾವಣ ಶೇ 0.9 ಸಾಂದ್ರತೆಯದಾಗಿರಬೇಕು. ಮಾಡುವುದು ನೀರಿನಲ್ಲಲ್ಲ, ಅರ್ಧ ಸಾಂದ್ರತೆಯ ಬ್ರೈನ್ ಹಾರ್ಟ್ ಇನ್‌ಫ್ಯೂಷನ್ ಬ್ರಾತ್‌ನಲ್ಲಿ, ಅಂದರೆ ಲೀಟರಿಗೆ 37 ಗ್ರಾಂ ಬದಲು 18.5 ಗ್ರಾಂ ಪುಡಿ. ಸ್ಯಾಂಪಲ್ ಸೇರಿದ ಮೇಲೆ ಎಚ್‌ಪಿಸಿ ಶೇ 0.75ಕ್ಕೆ ನಿಲ್ಲುತ್ತದೆ. 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ.

ಮರುದಿನ 900 ಜಿ ಬಲದಲ್ಲಿ 30 ನಿಮಿಷ ಸೆಂಟ್ರಿಫ್ಯೂಜ್. ನಿಮ್ಮ ಯಂತ್ರದಲ್ಲಿ ಬರೀ ಆರ್‌ಪಿಎಂ ಇದ್ದರೆ ರೋಟರಿನ ತ್ರಿಜ್ಯ ಅಳೆಯಿರಿ. 15 ಸೆಂ.ಮೀ. ಇದ್ದರೆ ಸುಮಾರು 2,300 ಆರ್‌ಪಿಎಂ. ಮೇಲಿನ ದ್ರವವನ್ನು ಸೋಂಕುನಾಶಕ ಇರುವ ಪಾತ್ರೆಗೆ ಸುರಿಯಿರಿ. ತಳದ ಗಸಿಯನ್ನು 1 ಮಿ.ಲೀ. ಅರ್ಧ ಸಾಂದ್ರತೆಯ ಬ್ರಾತ್‌ನಲ್ಲಿ ಕದಡಿ. ಈ ಬ್ರಾತ್‌ನ ಪ್ರತಿ ಮಿ.ಲೀ.ಗೆ ವ್ಯಾಂಕೋಮೈಸಿನ್ 100 ಮೈಕ್ರೊಗ್ರಾಂ, ನ್ಯಾಲಿಡಿಕ್ಸಿಕ್ ಆ್ಯಸಿಡ್ 100, ಆ್ಯಂಫೊಟೆರಿಸಿನ್ ಬಿ 50 ಇರಬೇಕು. ಮೊದಲನೆಯದು ಮೊಳೆತ ಗ್ರಾಂ ಪಾಸಿಟಿವ್‌ಗಳಿಗೆ, ಎರಡನೆಯದು ಗ್ರಾಂ ನೆಗೆಟಿವ್‌ಗಳಿಗೆ, ಮೂರನೆಯದು ಬೂಷ್ಟಿಗೆ. ಮತ್ತೆ 37 ಡಿಗ್ರಿಯಲ್ಲಿ ಒಂದು ರಾತ್ರಿ. ಆಮೇಲೆ ಮೂರು ನಾಲ್ಕು ಸ್ಲಾಂಟ್‌ಗಳಿಗೆ ತಲಾ 0.2 ಮಿ.ಲೀ. ಸ್ಲಾಂಟ್‌ಗಳನ್ನು ಮುಚ್ಚಳ ಸಡಿಲಿಸಿ, ಒಂದು ವಾರ ಮಲಗಿಸಿಡಿ. ತೇವ ಹೀರಿದ ಮೇಲೆ ಮುಚ್ಚಳ ಬಿಗಿ ಮಾಡಿ ನಿಲ್ಲಿಸಿ.

ಇದರಲ್ಲಿ ಕೈ ಕೊಡುವ ಜಾಗಗಳು ಮೂರು. ಎಚ್‌ಪಿಸಿ ಚಳಿಗೆ ಹರಳುಗಟ್ಟುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಲೆನಾಡಿನ ಲ್ಯಾಬ್‌ಗಳಲ್ಲಿ ಬೆಳಗ್ಗೆ ಬಾಟಲಿ ನೋಡಿದರೆ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ. ಮೇಲಿನ ದ್ರವವನ್ನಷ್ಟೇ ಅಳೆದು ಹಾಕಿದರೆ ಸಾಂದ್ರತೆ ಎಷ್ಟೋ ಕಡಿಮೆ. ಫ್ರಿಜ್ಜಿನಲ್ಲಂತೂ ಇಡಲೇಬಾರದು. ಬಳಸುವ ಮುನ್ನ 37 ಡಿಗ್ರಿಗೆ ಬೆಚ್ಚಗೆ ಮಾಡಿ, ಪೂರ್ತಿ ತಿಳಿಯಾದ ಮೇಲೆ ಅಳೆಯಿರಿ. ಜೋರಾಗಿ ಕುಲುಕಿದರೆ ಸೋಪಿನಂತೆ ನೊರೆ ಏಳುತ್ತದೆ, ನಿಧಾನ ತಿರುಗಿಸಿ.

ಎರಡನೆಯದು, ಎಚ್‌ಪಿಸಿಯ ಉಳಿಕೆ. ಅದು ಗಸಿಯ ಜೊತೆ ಸ್ವಲ್ಪ ಉಳಿದೇ ಉಳಿಯುತ್ತದೆ ಮತ್ತು ಮೈಕೋಬ್ಯಾಕ್ಟೀರಿಯಾ ಬೆಳವಣಿಗೆಯನ್ನು ತಡೆಯುತ್ತದೆ. ಮೊಟ್ಟೆ ಮಾಧ್ಯಮದಲ್ಲಿ ಹಳದಿಯ ಫಾಸ್ಫೋಲಿಪಿಡ್‌ಗಳು ಆ ಉಳಿಕೆಯನ್ನು ನಿಷ್ಕ್ರಿಯ ಮಾಡುತ್ತವೆ. ಮಿಡ್ಲ್‌ಬ್ರೂಕ್‌ನಂಥ ಅಗರ್ ಮಾಧ್ಯಮದಲ್ಲಿ ಆ ರಕ್ಷಣೆ ಇಲ್ಲ. ಎಚ್‌ಪಿಸಿ ಮಾಡಿ ಅಗರ್‌ಗೆ ಹಾಕಿ ‘ಏನೂ ಬೆಳೆಯಲಿಲ್ಲ’ ಎಂದು ಬರೆಯುವುದು ಸಾಮಾನ್ಯ ತಪ್ಪು.

ಮೂರನೆಯದು ಕಂಟ್ರೋಲ್. ಪ್ರತಿ ಸರದಿಯಲ್ಲೂ ಬರೀ ಸ್ಟೆರೈಲ್ ನೀರನ್ನು ಒಂದು ಟ್ಯೂಬಿನಲ್ಲಿ ಎಲ್ಲ ಹಂತ ದಾಟಿಸಿ. ಅದರಲ್ಲಿ ಏನಾದರೂ ಬೆಳೆದರೆ ತಪ್ಪು ನಿಮ್ಮ ದ್ರಾವಣದಲ್ಲಿ. ಇನ್ನೊಂದು ಟ್ಯೂಬಿನಲ್ಲಿ, ಸೋಂಕಿಲ್ಲವೆಂದು ಗೊತ್ತಿರುವ ಹಂದಿ ಮಲಕ್ಕೆ ಎಣಿಸಿದಷ್ಟು ಮೈಕೋಬ್ಯಾಕ್ಟೀರಿಯಂ ಏವಿಯಂ ಬೆರೆಸಿ ಹಾಕಿ. ಎಷ್ಟು ವಸಾಹತುಗಳು (ಮಾಧ್ಯಮದ ಮೇಲೆ ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪುಗಳು) ವಾಪಸ್ ಸಿಗುತ್ತವೆ ಎಂಬುದರಿಂದ ನಿಮ್ಮ ವಿಧಾನ ಎಷ್ಟನ್ನು ಕೊಲ್ಲುತ್ತಿದೆ ಎಂದು ತಿಳಿಯುತ್ತದೆ. ಈ ಟ್ಯೂಬನ್ನು ಯಾವಾಗಲೂ ಕೊನೆಯಲ್ಲಿ ಮುಟ್ಟಿ, ಇಲ್ಲವಾದರೆ ಪಕ್ಕದ ನೆಗೆಟಿವ್ ಸ್ಯಾಂಪಲ್‌ಗಳೆಲ್ಲ ಪಾಸಿಟಿವ್ ಆಗುತ್ತವೆ. ಕಫದಲ್ಲಿ ಶೇ 3ರಿಂದ 5 ಸ್ಲಾಂಟ್ ಕೆಡುವುದು ಸರಿಯಾದ ಮಟ್ಟ. ಮಲದಲ್ಲಿ ಅದಕ್ಕಿಂತ ಹೆಚ್ಚೇ ಕೆಡುತ್ತದೆ. ಒಂದೂ ಕೆಡದಿದ್ದರೆ ಖುಷಿಪಡಬೇಡಿ, ಅನುಮಾನಪಡಿ.

ಯಾವಾಗ ಕೆಟ್ಟಿತು ಎಂಬುದನ್ನೂ ಬರೆದಿಡಿ. ಮೂರು ದಿನದೊಳಗೆ ಕೆಟ್ಟರೆ ಶುದ್ಧೀಕರಣ ಸೋತಿದೆ. ಎರಡು ಮೂರು ವಾರದ ಮೇಲೆ ಹತ್ತಿಯಂಥ ಬೂಷ್ಟು ಬಂದರೆ ಮುಚ್ಚಳ, ಇನ್‌ಕ್ಯುಬೇಟರು, ಮಳೆಗಾಲದ ತೇವ ನೋಡಿ.

ಪ್ರ: ಯಾವ ಮಾಧ್ಯಮ, ಎಷ್ಟು ವಾರ? ಲಿಕ್ವಿಡ್ ಕಲ್ಚರ್ ಯಂತ್ರ ಇದ್ದರೆ ಬೇಗ ಆಗುತ್ತದಲ್ಲವೇ?
ಲ್ಯಾಬ್ ಟೆಕ್ನೀಷಿಯನ್, ಹಾಸನ

ಉ: ಏವಿಯಂ ಗುಂಪಿಗೆ ಗ್ಲಿಸರಾಲ್ ಇರುವ ಎಲ್‌ಜೆ ಸಾಕು. ಗೋವಿನ ಕ್ಷಯದ ಬೋವಿಸ್ ಅನುಮಾನ ಇದ್ದರೆ ಪೈರುವೇಟ್ ಇರುವ ಸ್ಟೋನ್‌ಬ್ರಿಂಕ್ ಕೂಡ ಹಾಕಿ, ಬೋವಿಸ್‌ಗೆ ಗ್ಲಿಸರಾಲ್ ಹಿಡಿಸುವುದಿಲ್ಲ. 37 ಡಿಗ್ರಿ. ಮೂರನೇ ದಿನ ಒಮ್ಮೆ, ಆಮೇಲೆ ವಾರಕ್ಕೊಮ್ಮೆ ನೋಡಿ. ಏವಿಯಂ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ನುಣುಪಾದ, ತಿಳಿಗೆನೆ ಬಣ್ಣದ ಸಣ್ಣ ವಸಾಹತುಗಳಾಗಿ ಕಾಣುತ್ತದೆ. ಆದರೂ 8 ವಾರ ತುಂಬುವವರೆಗೆ ‘ನೆಗೆಟಿವ್’ ಎಂದು ಬರೆಯಬೇಡಿ. ಏಳು ದಿನದೊಳಗೇ ಬೆಳೆದ ಆಮ್ಲನಿರೋಧಿ (ಆಮ್ಲದಲ್ಲಿ ತೊಳೆದರೂ ಬಣ್ಣ ಬಿಡದ) ವಸಾಹತು ಫಾರ್ಚ್ಯುಯಿಟಂ, ಸ್ಮೆಗ್ಮಾಟಿಸ್‌ನಂಥ ಬೇಗ ಬೆಳೆಯುವ ಪರಿಸರದ ಜಾತಿಯದಾಗಿರುತ್ತದೆ. ಅದನ್ನು ಎಸೆಯದೆ ಗುರುತಿಸಿ ದಾಖಲಿಸಿ.

ಲಿಕ್ವಿಡ್ ಕಲ್ಚರ್ ಬೇಗ ಬರುತ್ತದೆ, ನಿಜ. ಆದರೆ ಅದು ಮಲದ ಕೊಳೆಯನ್ನೂ ಅಷ್ಟೇ ಬೇಗ ಬೆಳೆಸುತ್ತದೆ. ಯಂತ್ರ ಆಮ್ಲಜನಕ ಖರ್ಚಾಗುವುದನ್ನು ನೋಡುತ್ತದೆ, ಖರ್ಚು ಮಾಡಿದ್ದು ಯಾರು ಎಂದು ನೋಡುವುದಿಲ್ಲ. ಎಚ್‌ಪಿಸಿ ಮಾಡಿದ ಸ್ಯಾಂಪಲ್ ಅದಕ್ಕೆ ಹೊಂದುವುದೂ ಇಲ್ಲ. ಗಂಟುಗಳ ಸ್ಯಾಂಪಲ್‌ಗೆ ಬಳಸಿ, ಮಲಕ್ಕೆ ಮೊಟ್ಟೆ ಮಾಧ್ಯಮವೇ ಇರಲಿ.

ಪ್ರ: ನಮ್ಮದು ಮನುಷ್ಯರ ಡಯಾಗ್ನೋಸ್ಟಿಕ್ ಲ್ಯಾಬ್. ಪರಿಚಯದ ಹಂದಿ ಸಾಕಣೆದಾರರು ಮಲ ತಂದುಕೊಟ್ಟರು. ಝೀಲ್-ನೀಲ್ಸನ್ (ಆಮ್ಲನಿರೋಧಿ ಬ್ಯಾಕ್ಟೀರಿಯಾವನ್ನು ಕೆಂಪಾಗಿ ತೋರಿಸುವ ಬಣ್ಣದ ಪರೀಕ್ಷೆ) ಮಾಡಿದೆ, ಅಲ್ಲಲ್ಲಿ ಕೆಂಪು ಕಡ್ಡಿಗಳು ಕಂಡವು. ಟಿಬಿ ಪಾಸಿಟಿವ್ ಎಂದು ಕೊಡಬಹುದೇ?
ಟೆಕ್ನೀಷಿಯನ್, ಚಿಕ್ಕಮಗಳೂರು

ಉ: ಕೊಡಬೇಡಿ. ಮಲದ ಸ್ಮಿಯರ್‌ನಲ್ಲಿ (ಸ್ಲೈಡ್ ಮೇಲೆ ಸವರಿದ ಲೇಪದಲ್ಲಿ) ಒಂಟಿ ಕೆಂಪು ಕಡ್ಡಿಗೆ ಬೆಲೆಯೇ ಇಲ್ಲ. ಹಂದಿ ತಿಂದ ಮಣ್ಣು, ಕುಡಿದ ನೀರು, ಮೂತಿಯಿಂದ ಕೆದಕಿದ ಹಾಸಿಗೆ ಎಲ್ಲದರಿಂದ ಆಮ್ಲನಿರೋಧಿ ಬ್ಯಾಕ್ಟೀರಿಯಾ ಕರುಳಿನಲ್ಲಿ ಸುಮ್ಮನೆ ಹಾದುಹೋಗುತ್ತವೆ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಯ ಕೋಶಗಳೂ ಕೆಂಪಾಗುತ್ತವೆ, ಆದರೆ ಅವು 4ರಿಂದ 6 ಮೈಕ್ರೊಮೀಟರಿನ ದುಂಡು, ಕಡ್ಡಿಯಲ್ಲ. ಕೆಲವು ಬೀಜಾಣುಗಳೂ ಬಣ್ಣ ಹಿಡಿದುಕೊಳ್ಳುತ್ತವೆ. ಇನ್ನು ನಲ್ಲಿ ನೀರು! ಬಣ್ಣ ಕಲಸಲು, ತೊಳೆಯಲು ನಲ್ಲಿ ನೀರು ಬಳಸಿದರೆ ಅದರಲ್ಲಿನ ಮೈಕೋಬ್ಯಾಕ್ಟೀರಿಯಾವೇ ಸ್ಲೈಡ್ ಮೇಲೆ ಕೂರುತ್ತವೆ. ಡಿಸ್ಟಿಲ್ಡ್ ನೀರು ಬಳಸಿ, ಕಾರ್ಬಾಲ್ ಫುಕ್ಸಿನ್ ಅನ್ನು ಪ್ರತಿ ಸಲ ಸೋಸಿ. ಒಂದೇ ಜಾರಿನಲ್ಲಿ ಹಲವು ಸ್ಲೈಡ್ ಅದ್ದಿದರೆ ಒಂದರ ಕೋಶಗಳು ಕಳಚಿ ಇನ್ನೊಂದಕ್ಕೆ ಅಂಟುತ್ತವೆ. ಸ್ಟ್ಯಾಂಡ್ ಮೇಲೆ ಬಿಡಿಬಿಡಿಯಾಗಿ ಇಟ್ಟು ಬಣ್ಣ ಹಾಕಿ.

ಕಫದಲ್ಲಿ ಸ್ಮಿಯರ್ ಪಾಸಿಟಿವ್ ಕಾಣಲು ಮಿ.ಲೀ.ಗೆ 5,000ದಿಂದ 10,000 ಬ್ಯಾಕ್ಟೀರಿಯಾ ಬೇಕು. ನಾರು ತುಂಬಿದ ಮಲದಲ್ಲಿ ಅದಕ್ಕಿಂತ ಕಷ್ಟ. ಕಂಡರೂ ಯಾವ ಜಾತಿ ಎಂದು ಬಣ್ಣ ಹೇಳುವುದಿಲ್ಲ. ಆರಮಿನ್ ಎಂಬ ಹೊಳೆಯುವ ಬಣ್ಣ ಬಳಸಿ ಎಲ್‌ಇಡಿ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೇಗ ಹುಡುಕಬಹುದು, ಆದರೆ ಗಿಡದ ನಾರು ತಾನೇ ಹೊಳೆದು ಮೋಸ ಮಾಡುತ್ತದೆ.

ಹಾಗೆಂದು ಝೀಲ್-ನೀಲ್ಸನ್ ಬೇಡವೇ? ಬೇಕು, ಆದರೆ ಸ್ಲಾಂಟ್ ಮೇಲೆ ಬೆಳೆದ ಪ್ರತಿ ವಸಾಹತಿಗೆ. ಅಲ್ಲಿ ಅದರ ಕೆಲಸ ಸ್ಪಷ್ಟ: ಇದು ಆಮ್ಲನಿರೋಧಿಯೋ, ಶುದ್ಧವೋ, ಜೊತೆಗೆ ನೀಲಿ ಕಡ್ಡಿಗಳಿವೆಯೋ. ಬಣ್ಣ ಆವಿ ಏಳುವಷ್ಟು ಬಿಸಿಯಾಗಲಿ, ಕುದಿಯಬಾರದು, ಒಣಗಬಾರದು. 5 ನಿಮಿಷ. ಶೇ 25ರ ಸಲ್ಫ್ಯೂರಿಕ್ ಆಮ್ಲ ಅಥವಾ ಶೇ 3ರ ಆ್ಯಸಿಡ್ ಆಲ್ಕೋಹಾಲ್‌ನಿಂದ ಬಣ್ಣ ತೆಗೆದು, ಮೆಥಿಲೀನ್ ಬ್ಲೂ ಒಂದು ನಿಮಿಷ. ಸ್ಮಿಯರ್ ದಪ್ಪವಾಗಿದ್ದರೆ ಆಮ್ಲ ಒಳಗೆ ಇಳಿಯುವುದಿಲ್ಲ, ಎಲ್ಲವೂ ಕೆಂಪಾಗಿ ಕಾಣುತ್ತದೆ.

ಪ್ರ: ಹಸುವಿನ ಜೋನ್ಸ್ ರೋಗ ಹಂದಿಗೂ ಬರುತ್ತದೆಯೇ? ಎರಡೂ ಒಂದೇ ಕೊಟ್ಟಿಗೆಯ ಹಿಂದೆ ಇವೆ.
ಓದುಗರು, ಬೇಲೂರು

ಉ: ಜೋನ್ಸ್ ರೋಗ ತರುವ ಪ್ಯಾರಾಟ್ಯೂಬರ್ಕ್ಯುಲೋಸಿಸ್ ಕೂಡ ಏವಿಯಂನ ಉಪಜಾತಿಯೇ. ಹಂದಿಯಲ್ಲಿ ಅದು ಅಪರೂಪ. ಆದರೆ ಹಸುವಿನ ಸಗಣಿ ಹಂದಿಯ ಬಾಯಿಗೆ ಸಿಗುವಂತಿದ್ದರೆ ಹಂದಿ ಮಲದಲ್ಲಿ ಅದು ಕಾಣಬಹುದು. ಲ್ಯಾಬಿಗೆ ಹೀಗೆ ಹೇಳಿ ಕಳಿಸಿ, ಏಕೆಂದರೆ ಅದನ್ನು ಬೆಳೆಸಲು ಮಾಧ್ಯಮಕ್ಕೆ ಮೈಕೋಬ್ಯಾಕ್ಟಿನ್ ಜೆ ಎಂಬ ಬೆಳವಣಿಗೆಯ ಪೂರಕ ಸೇರಿಸಬೇಕು. ಬರೀ ಎಲ್‌ಜೆಯಲ್ಲಿ ಅದು ಬರುವುದಿಲ್ಲ, 8 ವಾರವೂ ಸಾಲದು.

ಪ್ರ: ಒಂದೇ ಡಬ್ಬಿಯ ಮಲ. ಕಲ್ಚರ್‌ನಲ್ಲಿ ಏವಿಯಂ ಬಂತು, ಪಿಸಿಆರ್ (ಡಿಎನ್‌ಎ ಹುಡುಕುವ ಪರೀಕ್ಷೆ) ನೆಗೆಟಿವ್. ಯಾವುದನ್ನು ನಂಬಬೇಕು?
ಸಂಶೋಧನಾ ಸಹಾಯಕ, ಹಾಸನ

ಉ: ಕಲ್ಚರನ್ನು. ಆದರೆ ಪಿಸಿಆರ್ ಏಕೆ ತಪ್ಪಿಸಿತು ಎಂದು ಹುಡುಕಿ, ಮುಂದಿನ ನೂರು ಸ್ಯಾಂಪಲ್‌ಗೂ ಅದೇ ಆಗಬಾರದು.

ಮೊದಲು ತೂಕ ನೋಡಿ. ಸ್ಟೂಲ್ ಕಿಟ್‌ಗೆ ಹೋಗುವುದು ಸಾಮಾನ್ಯವಾಗಿ 0.2 ಗ್ರಾಂ, ಕಲ್ಚರ್‌ಗೆ ಕದಡಿದ್ದು 2 ಗ್ರಾಂ. ಬ್ಯಾಕ್ಟೀರಿಯಾ ಕಡಿಮೆ ಇದ್ದಾಗ ಆ ಚಿಟಿಕೆಯಲ್ಲಿ ಒಂದೂ ಇರದೆ ಹೋಗಬಹುದು. ಮಲವನ್ನು ತೂಗುವ ಮೊದಲು ಇಡೀ ಡಬ್ಬಿ ಚೆನ್ನಾಗಿ ಕಲಸಿದ್ದೀರಾ?

ಆಮೇಲೆ ಕೋಶ ಒಡೆಯಿತೇ ನೋಡಿ. ಇವುಗಳ ಗೋಡೆ ಮೈಕೋಲಿಕ್ ಆಮ್ಲದ ಮೇಣ. ಪ್ರೋಟೀನೇಸ್ ಮತ್ತು ಬಿಸಿಯಿಂದ ಇ. ಕೋಲೈ ಒಡೆದಷ್ಟು ಸಲೀಸಾಗಿ ಇವು ಒಡೆಯುವುದಿಲ್ಲ. 0.1 ಮಿ.ಮೀ.ನ ಜಿರ್ಕೋನಿಯಾ ಮಣಿ ಹಾಕಿ ಬೀಡ್ ಬೀಟರ್‌ನಲ್ಲಿ ಬಡಿಯಬೇಕು. ದೊಡ್ಡ ಮಣಿ ಅಂಗಾಂಶವನ್ನು ಪುಡಿ ಮಾಡುತ್ತದೆ, ಬ್ಯಾಕ್ಟೀರಿಯಾವನ್ನಲ್ಲ. ಬಡಿಯುವಾಗ ಟ್ಯೂಬ್ ಬಿಸಿಯಾಗುತ್ತದೆ, ನಡುವೆ ಐಸಿನಲ್ಲಿಟ್ಟು ತಣಿಸಿ.

ಮೂರನೆಯದು ಅಡ್ಡಿಕಾರಕ ವಸ್ತುಗಳು. ಪಿತ್ತಲವಣ, ಆಹಾರದ ಪಾಲಿಸ್ಯಾಕರೈಡ್, ಮಣ್ಣಿನ ಹ್ಯೂಮಿಕ್ ಆಮ್ಲ ಪಾಲಿಮರೇಸ್ ಕಿಣ್ವವನ್ನು ತಡೆಯುತ್ತವೆ. ಇದನ್ನು ಪತ್ತೆ ಮಾಡಲು ಪ್ರತಿ ಟ್ಯೂಬಿಗೂ ಒಳಗಿನ ಕಂಟ್ರೋಲ್ ಡಿಎನ್‌ಎ ಸೇರಿಸಿ. ಅದೂ ಬರದಿದ್ದರೆ ಫಲಿತಾಂಶ ‘ನೆಗೆಟಿವ್’ ಅಲ್ಲ, ‘ಪರೀಕ್ಷೆ ಆಗಿಲ್ಲ’. ಆಗ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ, ಬೊವೈನ್ ಸೀರಂ ಆಲ್ಬುಮಿನ್ ಸೇರಿಸಿ ಮತ್ತೆ ಓಡಿಸಿ. ತೆಳುಮಾಡಿದ್ದರಲ್ಲಿ ಬಂದು ಮೂಲದಲ್ಲಿ ಬರದಿದ್ದರೆ ಕಾರಣ ಸಿಕ್ಕಿದ ಹಾಗೆಯೇ.

ಕೊನೆಯದು, ನೀವು ಹುಡುಕಿದ್ದು ಏನನ್ನು? ಪಿಸಿಆರ್ ಹುಡುಕುವ ಡಿಎನ್‌ಎ ತುಣುಕುಗಳು, ಅಂದರೆ ಗುರಿಗಳು, ಬೇರೆ ಬೇರೆ. ಐಎಸ್1245 ಹೊಮಿನಿಸ್ಯೂಯಿಸ್‌ನಲ್ಲಿ ಹಲವು ಪ್ರತಿಗಳಲ್ಲಿ ಇರುತ್ತದೆ. ಐಎಸ್901 ಹಕ್ಕಿಗಳ ಏವಿಯಂನಲ್ಲಿ. ಐಎಸ್900 ಜೋನ್ಸ್ ರೋಗದ್ದು, ಅದಕ್ಕೆ ಹೋಲುವ ಸರಣಿಗಳು ಬೇರೆ ಮೈಕೋಬ್ಯಾಕ್ಟೀರಿಯಾದಲ್ಲೂ ಸಿಗುವುದರಿಂದ ಎಫ್57ರಂಥ ಇನ್ನೊಂದು ಗುರಿಯಿಂದ ದೃಢಪಡಿಸಬೇಕು. ಐಎಸ್6110 ಟ್ಯೂಬರ್ಕ್ಯುಲೋಸಿಸ್, ಬೋವಿಸ್ ಇರುವ ಕ್ಷಯದ ಗುಂಪಿಗೆ. ಬರೀ ಐಎಸ್6110 ಕಿಟ್ ಓಡಿಸಿ ಹಂದಿಗೆ ಮೈಕೋಬ್ಯಾಕ್ಟೀರಿಯಾ ಇಲ್ಲ ಎಂದು ಬರೆದ ವರದಿಗಳು ಇರುವುದುಂಟು. ಏವಿಯಂ ಅದರಲ್ಲಿ ಎಂದೂ ಕಾಣದು. ವಸಾಹತು ಕೈಯಲ್ಲಿದ್ದರೆ ಹೆಚ್‌ಎಸ್‌ಪಿ65 ಜೀನಿನ 441 ಬೇಸ್‌ನ ತುಣುಕನ್ನು ಸೀಕ್ವೆನ್ಸ್ ಮಾಡಿಸಿ, ಜಾತಿ ಗೊತ್ತಾಗುತ್ತದೆ. ಉಪಜಾತಿಗೆ ಐಎಸ್ ಗುರಿಗಳನ್ನು ಅದೇ ಡಿಎನ್‌ಎ ಮೇಲೆ ಓಡಿಸಿ.

ತಿರುಗುಮುರುಗಾಗಿ ಪಿಸಿಆರ್ ಪಾಸಿಟಿವ್, ಕಲ್ಚರ್ ನೆಗೆಟಿವ್ ಬಂದರೆ? ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಇರಬಹುದು, ಶುದ್ಧೀಕರಣದಲ್ಲಿ ಸತ್ತದ್ದೂ ಇರಬಹುದು, ನಿಮ್ಮ ಮೇಜಿನ ಮೇಲಿನ ಹಳೆಯ ಪಿಸಿಆರ್ ಉತ್ಪನ್ನವೂ ಇರಬಹುದು. ಮಿಶ್ರಣ ಮಾಡುವ ಕೋಣೆ, ಡಿಎನ್‌ಎ ತೆಗೆಯುವ ಕೋಣೆ, ಯಂತ್ರದ ಕೋಣೆ ಮೂರೂ ಬೇರೆ ಇರಬೇಕು ಎನ್ನುವುದು ಇದಕ್ಕೇ.

ಪ್ರ: ಮಲದ ಕಲ್ಚರ್ ವರದಿಯಲ್ಲಿ ‘ಏವಿಯಂ ಕಾಂಪ್ಲೆಕ್ಸ್ ಬೆಳೆದಿದೆ’ ಎಂದಿದೆ. ಹಂದಿಗಳು ಚೆನ್ನಾಗಿ ತಿನ್ನುತ್ತಿವೆ. ಎಲ್ಲವನ್ನೂ ತೆಗೆದುಬಿಡಲೇ?
ಪಶುವೈದ್ಯರು, ಮೂಡಿಗೆರೆ

ಉ: ಇಷ್ಟರ ಮೇಲೆ ತೆಗೆಸಬೇಡಿ. ಮಲದಲ್ಲಿ ಸಿಕ್ಕಿತು ಎಂದರೆ ಕರುಳಿನ ಮೂಲಕ ಬ್ಯಾಕ್ಟೀರಿಯಾ ಹೋಯಿತು ಎಂದಷ್ಟೇ ಖಾತ್ರಿ. ಹಂದಿಯ ಅಂಗಾಂಶದಲ್ಲಿ ನೆಲೆಸಿದೆಯೋ ಇಲ್ಲವೋ ಅದರಿಂದ ತಿಳಿಯದು. ಹಾಸಿಗೆ, ಕುಡಿಯುವ ನೀರು, ಆಹಾರ ಮೂರರ ಸ್ಯಾಂಪಲನ್ನೂ ಇದೇ ವಿಧಾನದಲ್ಲಿ ಮಾಡಿಸಿ. ಹಾಸಿಗೆಯಲ್ಲೂ ಅದೇ ಸಿಕ್ಕಿದರೆ ಮೂಲ ಅಲ್ಲಿದೆ. ಏವಿಯನ್ ಟ್ಯೂಬರ್ಕ್ಯುಲಿನ್ (ಸೋಂಕು ತಗುಲಿದ್ದರೆ ಚರ್ಮದಲ್ಲಿ ಊತ ತರುವ ಪರೀಕ್ಷಾ ದ್ರವ) 0.1 ಮಿ.ಲೀ.ಯನ್ನು ಕಿವಿಯ ಬುಡದ ಚರ್ಮದೊಳಗೆ ಕೊಟ್ಟು 48 ಗಂಟೆಗೆ ಓದಿ. ದನದ ಲೆಕ್ಕದ 72 ಗಂಟೆಗೆ ಕಾದರೆ ಹಂದಿಯಲ್ಲಿ ಊತ ಇಳಿಯಲು ಶುರುವಾಗಿರಬಹುದು. ಕೊಯ್ಯುವ ಹಂದಿಗಳ ಗಂಟಲ, ಕರುಳಿನ ಗಂಟುಗಳನ್ನು ಕತ್ತರಿಸಿ ನೋಡಿ. ಈ ಮೂರೂ ಒಂದೇ ಕಡೆ ಬೊಟ್ಟು ಮಾಡಿದರೆ ಆಗ ನಿರ್ಧಾರ ಮಾಡಿ. ವರದಿ ಐಎಸ್6110 ಪಾಸಿಟಿವ್ ಎಂದಿದ್ದರೆ ಮಾತ್ರ ವಿಷಯ ಬೇರೆ, ಆಗ ಹಂದಿ ನೋಡಿಕೊಳ್ಳುವವರ ಕಫ ಪರೀಕ್ಷೆಯೂ ಆಗಬೇಕು.

ಪ್ರ: ಸಾಮಿಲ್‌ನ ಮರದ ಪುಡಿ ಹಾಸುತ್ತೇವೆ. ಕಾಫಿ ಹೊಟ್ಟೂ ಹಾಕುವುದುಂಟು. ಸೋಂಕು ಅದರಿಂದಲೇ ಬರುತ್ತದೆ ಅಂತಾರೆ. ಫಿನಾಯಿಲ್ ಹೊಡೆದರೆ ಸಾಕೇ? ನಮಗೂ ಅಂಟುತ್ತದೆಯೇ?
ಸಾಕಣೆದಾರರು, ಕೊಪ್ಪ

ಉ: ಮರದ ಪುಡಿ, ಪೀಟ್ (ಜೌಗು ನೆಲದ ಕೊಳೆತ ಸಸ್ಯದ ಮಣ್ಣು) ಹಾಸಿದ ಫಾರಂಗಳಲ್ಲಿ ಏವಿಯಂ ಹಬ್ಬಿದ್ದು ಬೇರೆ ದೇಶಗಳಲ್ಲಿ ಚೆನ್ನಾಗಿ ದಾಖಲಾಗಿದೆ. ಅಪಾಯ ಮರದಲ್ಲಲ್ಲ, ತೇವದಲ್ಲಿ. ಮಳೆಗಾಲವಿಡೀ ಟಾರ್ಪಾಲ್ ಕೆಳಗೆ ನೆನೆದು ಬಿಸಿಯಾದ ಸಿಲ್ವರ್ ಓಕ್ ಪುಡಿಯ ರಾಶಿ ಒಂದು ಥರ, ಒಣ ಮರ ಕೊಯ್ದು ಆಗಷ್ಟೇ ಬಂದ ಪುಡಿ ಇನ್ನೊಂದು ಥರ. ಕಾಫಿ ಹೊಟ್ಟಿಗೂ ಅದೇ ಮಾತು: ಒಣಗಿದ್ದು ತನ್ನಿ, ಒಣಗಿಸಿಡಿ, ಅನುಮಾನ ಇದ್ದರೆ 100 ಗ್ರಾಂ ಲ್ಯಾಬಿಗೆ ಕಳಿಸಿ. ತೊಟ್ಟಿಯ ಗೋಡೆಗೆ ಅಂಟಿದ ಲೋಳೆಯನ್ನು ಉಜ್ಜಿ ತೆಗೆಯಿರಿ, ಈ ಬ್ಯಾಕ್ಟೀರಿಯಾ ಅಲ್ಲಿ ಆರಾಮಾಗಿ ಬದುಕುತ್ತದೆ ಮತ್ತು ನೀರಿಗೆ ಹಾಕುವ ಕ್ಲೋರಿನ್‌ಗೆ ಬೇಗ ಬಗ್ಗುವುದಿಲ್ಲ.

ಸೋಂಕುನಾಶಕದ ಲೇಬಲ್ ಓದಿ. ಕ್ವಾಟರ್ನರಿ ಅಮೋನಿಯಂ ಮಾತ್ರ ಇರುವ ದ್ರಾವಣ ಇವಕ್ಕೆ ನಾಟುವುದಿಲ್ಲ. ಲ್ಯಾಬಿನಲ್ಲಿ ಇವನ್ನು ಉಳಿಸಿ ಬೇರೆಯವನ್ನು ಕೊಲ್ಲಲು ಬಳಸುವ ಎಚ್‌ಪಿಸಿಯೂ ಅದೇ ಜಾತಿಯ ರಾಸಾಯನಿಕ ಎಂದರೆ ಅರ್ಥವಾದೀತು. ಫೀನಾಲ್ ಗುಂಪಿನದು ಕೆಲಸ ಮಾಡುತ್ತದೆ, ಆದರೆ ಗೊಬ್ಬರ ಕೆರೆದು, ತೊಳೆದು, ಒಣಗಿಸಿದ ಸಿಮೆಂಟ್ ನೆಲದ ಮೇಲೆ. ಗೊಬ್ಬರದ ಮೇಲೆಯೇ ಹೊಡೆದರೆ ದುಡ್ಡು ದಂಡ.

ನಿಮಗೆ ಹಂದಿಯಿಂದ ನೇರ ಅಂಟುವುದಕ್ಕಿಂತ, ನೀವೂ ಹಂದಿಯೂ ಒಂದೇ ಮಣ್ಣು, ನೀರಿನಿಂದ ಪಡೆಯುವುದು ಹೆಚ್ಚು ಸಂಭವ. ಆರೋಗ್ಯವಂತರಿಗೆ ಅಪಾಯ ಕಡಿಮೆ. ಎಚ್‌ಐವಿ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಶೆಡ್ ಗುಡಿಸುವ ಕೆಲಸಕ್ಕೆ ಇಳಿಯಬಾರದು. ಹೋಟೆಲ್ ಮುಸುರೆ ಹಾಕುತ್ತಿದ್ದರೆ ಕುದಿಸಿ ಹಾಕಿ. ಮನುಷ್ಯರ ಟಿಬಿ ಹಂದಿಗೆ ಹೋಗುವ ದಾರಿಗಳಲ್ಲಿ ಅದೂ ಒಂದು.

ಪ್ರ: ಸೆಂಟ್ರಿಫ್ಯೂಜ್ ಓಡುವಾಗ ಒಳಗೆ ಟ್ಯೂಬ್ ಒಡೆದ ಸದ್ದಾಯಿತು ಅನಿಸಿದರೆ ಏನು ಮಾಡಬೇಕು?
ಲ್ಯಾಬ್ ಸಹಾಯಕಿ, ಅರಸೀಕೆರೆ

ಉ: ಸ್ವಿಚ್ ಆರಿಸಿ, ಮುಚ್ಚಳ ತೆಗೆಯಬೇಡಿ. 30 ನಿಮಿಷ ಹಾಗೇ ಬಿಡಿ, ಕೋಣೆಯಲ್ಲಿ ಇರುವವರೆಲ್ಲ ಹೊರಗೆ ಹೋಗಿ. ಸದ್ದೇನೂ ಕೇಳದೆ, ಯಂತ್ರ ನಿಂತ ಮೇಲೆ ತೆಗೆದು ನೋಡಿದಾಗಲೇ ಒಡೆದದ್ದು ಗೊತ್ತಾದರೆ, ತಕ್ಷಣ ಮುಚ್ಚಿ ಆಗಲೂ 30 ನಿಮಿಷ. ಆಮೇಲೆ ಎನ್95 ಮಾಸ್ಕ್, ದಪ್ಪ ಗ್ಲೌಸ್ ಹಾಕಿ, ಬಕೆಟನ್ನು ಮುಚ್ಚಿದ ಹಾಗೆಯೇ ಬಯೋಸೇಫ್ಟಿ ಕ್ಯಾಬಿನೆಟ್‌ಗೆ ಒಯ್ದು ಅಲ್ಲಿ ತೆರೆಯಿರಿ. ಚೂರುಗಳನ್ನು ಚಿಮಟದಿಂದ ಎತ್ತಿ, ಕೈಯಿಂದ ಬೇಡ. ಬಕೆಟಿಗೆ ಶೇ 5ರ ಫೀನಾಲ್ ತುಂಬಿ ರಾತ್ರಿಯಿಡೀ ಬಿಡಿ. ಬ್ಲೀಚಿಂಗ್ ದ್ರಾವಣ ಲೋಹವನ್ನು ತಿನ್ನುತ್ತದೆ, ಅದನ್ನು ರೋಟರಿಗೆ ಹಾಕಬೇಡಿ. ಯಂತ್ರದ ಒಳಗೋಡೆಯನ್ನು ಶೇ 70ರ ಆಲ್ಕೋಹಾಲ್‌ನಿಂದ ಎರಡು ಸಲ ಒರೆಸಿ, ಪೂರ್ತಿ ಆರಿದ ಮೇಲಷ್ಟೇ ಪ್ಲಗ್ ಹಾಕಿ. ಇನ್ನು ಮುಂದೆ ಗಾಜಿನ ಟ್ಯೂಬ್ ಬಿಟ್ಟು, ಓ-ರಿಂಗ್ ಮುಚ್ಚಳದ ಪಾಲಿಪ್ರೊಪಿಲೀನ್ ಟ್ಯೂಬ್ ಮತ್ತು ಮುಚ್ಚಳ ಇರುವ ಬಕೆಟನ್ನೇ ಬಳಸಿ.